ಬೆಲ್‌ಮನ್ ಪೆರುಮಾಳನ ಮನೆಯ ಪ್ರಾರ್ಥನೆ

ಪಾಪಕ್ಕ ದೇವರ ಜೊತೆ ಮಾತಾಡುತ್ತಿದ್ದದ್ದು ನಲ್ಲಿ ಹತ್ತಿರ ಜಗಳಕ್ಕೆ ನಿಂತವಳ ದನಿಯಲ್ಲಿ. ಮೈಸೂರು ಮೈನ್ಸ್ ಅನ್ನೋ ಚಿನ್ನದ ಗಣಿಯ ಹಳೇ ಕೂಲಿ ಲೈನು ಮನೆಗಳಿಗೆ ನಡುವೆ ಇರೋದು ಒಂದೇ ಗೋಡೆ, ಅದೂ ಆಳೆತ್ತರಕ್ಕೆ ನಿಂತುಹೋದದ್ದು. ಅದರ ಮೇಲೆ ಬಯಲು, ಬಯಲಿನ ಮೇಲೆ ತಗಡು. ಸಂಜೆ ಏಳಕ್ಕೆ ಅವಳು ಪ್ರಾರ್ಥನೆಗೆ ಕೂತಳು ಅಂದರೆ ಅಕ್ಕಪಕ್ಕದ ನಾಲ್ಕು ಮನೆಯವರಿಗೆ ತಮ್ಮ ಬಗ್ಗೆ ಮೇಲಕ್ಕೆ ಏನು ವರದಿ ಹೋಯಿತು ಅನ್ನೋದು ಕೂತಲ್ಲೇ ತಿಳಿಯುತ್ತಿತ್ತು.

“ಯೇಸಪ್ಪಾ, ಕೇಳಿಸ್ಕೋ. ನಿನ್ನೆ ಅಂದಿದ್ದೇ ಇವತ್ತೂ ಅಂತಾಳೆ ಅಂತ ಮುಖ ತಿರುಗಿಸ್ಬ್ಯಾಡ. ನೀನು ನಿನ್ನೇನೇ ಮಾಡಿದ್ರೆ ನಾನ್ಯಾಕೆ ಇವತ್ತು ಬಾಯಿ ನೋಯಿಸ್ಕೋತಿದ್ದೆ?”

ಹೀಗೆ ಶುರುವಾಗೋದು. ಆಮೇಲೆ ಪಟ್ಟಿ. ಮಗ ರಾಜ್‌ಕುಮಾರ್ ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಸೆಕ್ಯೂರಿಟಿ ಕೆಲಸಕ್ಕೆ ಹೋಗುವವನು. ಅವನಿಗೆ ವಾಪಸ್ ಬರುವಾಗಲಾದರೂ ಸೀಟು ಸಿಗಲಿ. ಸೊಸೆ ರಾಧಾಮಣಿಗೆ ಸೊಂಟ ನೋವು ಇಳಿಯಲಿ. ಮೊಮ್ಮಗಳು ನವ್ಯ ಬಂಗಾರಪೇಟೆಯಲ್ಲಿ ಬಿ.ಕಾಂ. ಓದುತ್ತಾಳೆ, ಅವಳ ತಲೆಗೆ ಪಾಠ ಹತ್ತಲಿ, ಕೈಯಿಂದ ಮೊಬೈಲ್ ಇಳಿಯಲಿ. ಚರಂಡಿ ಸರಿ ಮಾಡಿಸ್ತೀನಿ ಅಂತ ವೋಟು ಇಸ್ಕೊಂಡು ಹೋದವನಿಗೆ ಬುದ್ಧಿ ಕೊಡು, ಬುದ್ಧಿ ಕೊಡೋಕಾಗದಿದ್ರೆ ಭೇದಿ ಕೊಡು. ಕೊನೆಗೆ ಗೋಡೆಯಾಚೆಯ ಮಂಗಮ್ಮ.

ಮಂಗಮ್ಮನಿಗೂ ಪಾಪಕ್ಕನಿಗೂ ಎಂಟು ವರ್ಷದಿಂದ ಮಾತಿಲ್ಲ. ಬಚ್ಚಲ ನೀರು ಯಾರ ಬಾಗಿಲ ಮುಂದೆ ಹರಿಯಬೇಕು ಅನ್ನೋ ವಿಷಯಕ್ಕೆ ಶುರುವಾದದ್ದು, ವಂಶದವರೆಗೆ ಹೋಗಿ ನಿಂತಿತ್ತು. ಮಂಗಮ್ಮ ಕೂಲಿ ಮಾಡಿ ಬದುಕಿದ ಒಂಟಿ ಹೆಂಗಸು, ಗಂಗಮ್ಮ ದೇವಿಯ ಒಕ್ಕಲು. ಜೂನ್ ಮಳೆಯಲ್ಲಿ ಬಚ್ಚಲಲ್ಲೇ ಜಾರಿ ತೊಡೆ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಬೇಕು ಅಂದರು. ಬಿ.ಪಿ., ಶುಗರ್ ಎರಡೂ ಏರಿ ಕೂತಿವೆ, ಅವು ಇಳಿಯೋವರೆಗೆ ಕಾಯಿ ಅಂತಲೂ ಅಂದರು. ಅವತ್ತಿನಿಂದ ಪಾಪಕ್ಕನ ಪ್ರಾರ್ಥನೆಯ ಕೊನೇ ಭಾಗ ಹೀಗಿತ್ತು:

“ಅವಳ ನಾಲಿಗೆ ಮುರೀಬೇಕಿತ್ತು, ನೀನು ಕಾಲು ಮುರಿದಿದೀಯ. ಆಗ್ಲಿ. ಈಗ ಕಾಲು ಸರಿಮಾಡು. ಡಾಕ್ಟ್ರ ಕೈ ನಡುಗದೆ ಇರ್ಲಿ. ಅವಳು ಎದ್ದು ಬಂದು ನನ್ನ ಜೊತೆ ಜಗಳ ಆಡೋವಷ್ಟು ಗಟ್ಟಿ ಆಗ್ಲಿ. ಆಮೆನ್.”

ಗೋಡೆಯಾಚೆ ಮಂಗಮ್ಮ ತನ್ನ ಹೆಸರು ಬರೋ ಹೊತ್ತಿಗೆ ಟೀವಿ ಸದ್ದು ಇಳಿಸುತ್ತಿದ್ದಳು. ಆಮೆನ್ ಆದ ಮೇಲೆ ಏರಿಸುತ್ತಿದ್ದಳು. ಅಷ್ಟು ಬಿಟ್ಟರೆ ಇಬ್ಬರ ನಡುವೆ ವ್ಯವಹಾರ ಇರಲಿಲ್ಲ.

ಆ ಮನೆಗೆ ಒಂದು ಕಾನೂನಿತ್ತು. ಪಾಪಕ್ಕ ಮಾಡಿದ್ದೇ. ಆಮೆನ್ ಬೀಳದೆ ತಟ್ಟೆ ಇಲ್ಲ. ಮಗ ರೈಲು ತಡವಾಗಿ ಹಸಿದು ಬಂದಿರಲಿ, ನೆಂಟರು ಬಂದಿರಲಿ, ಪ್ರಾರ್ಥನೆ ಮುಗಿಯದೆ ಯಾರೂ ಮುದ್ದೆ ಮುರಿಯೋ ಹಾಗಿಲ್ಲ. ನಡುವೆ ಯಾರಾದರೂ ಕೆಮ್ಮಿ ಅವಳ ಮಾತು ತಪ್ಪಿಸಿದರೆ ಮತ್ತೆ ಆ ಹೆಸರಿನಿಂದಲೇ ಶುರು ಮಾಡೋಳು. ಅರ್ಧಕ್ಕೆ ಬಿಟ್ಟ ಪ್ರಾರ್ಥನೆ ಅಂದರೆ ಅರ್ಧ ಬೆಂದ ಅನ್ನ, ಅದನ್ನು ದೇವರ ಮುಂದೆ ಇಡಬಾರದು ಅನ್ನೋದು ಅವಳ ವಾದ.

ಇದನ್ನು ಅವಳಿಗೆ ಯಾವ ಪಾದ್ರಿಯೂ ಕಲಿಸಲಿಲ್ಲ. ಪಾಪಕ್ಕ ಹುಟ್ಟಿದ್ದು ಕ್ಯಾಸಂಬಳ್ಳಿ ಮಗ್ಗುಲ ಹಳ್ಳಿಯ ಕೂಲಿಯವರ ಮನೆಯಲ್ಲಿ. ಚಿಕ್ಕಂದಿನಲ್ಲಿ ಸೊಪ್ಪಿನ ಕುಕ್ಕೆ ಹೊತ್ತು ಮೈನ್ಸ್ ಲೈನುಗಳಿಗೆ ಮಾರಲು ಬರುತ್ತಿದ್ದಳು. ಶಿಫ್ಟ್ ಮುಗಿಸಿ ಬರುತ್ತಿದ್ದ ಪೆರುಮಾಳ್ ಅನ್ನೋ ತಮಿಳು ಹುಡುಗ ಕೇಳಿದಷ್ಟು ಕೊಟ್ಟು, ಬಾಯಿ ಬಿಡದೆ ಸೊಪ್ಪು ತಗೊಂಡು ಹೋಗುತ್ತಿದ್ದ. ಚೌಕಾಸಿ ಮಾಡದ ಗಂಡಸು ಮೂಗನಿರಬೇಕು, ಇಲ್ಲ ಪೆದ್ದನಿರಬೇಕು ಅಂತ ಅವಳು ಅಂದುಕೊಂಡಳು. ಎರಡೂ ಅಲ್ಲ ಅಂತ ಗೊತ್ತಾಗೋ ಹೊತ್ತಿಗೆ ಮದುವೆ ಆಗಿತ್ತು. ಪೆರುಮಾಳನ ಹಿಂದೂ ಹೆಸರು ಅಪ್ಪ ಇಟ್ಟದ್ದು, ಯೇಸುವಿನ ನಂಬಿಕೆ ಅಮ್ಮ ಕೊಟ್ಟದ್ದು. ಆ ಅಮ್ಮ ತಮಿಳು ಬೈಬಲ್ ಬಾಯಿಪಾಠ ಮಾಡಿದ ಹೆಂಗಸು. ಸೊಸೆಗೆ ತಮಿಳಿನ ಪ್ರಾರ್ಥನೆ ನಾಲಿಗೆಗೆ ಹತ್ತಲಿಲ್ಲ. ಅತ್ತೆ ಒಂದು ವಾರ ತಿದ್ದಿ ಸೋತು, “ಹೋಗ್ಲಿ ಬಿಡು. ನಿಮ್ಮೂರ ಬಾವಿಕಟ್ಟೇಲಿ ಹೆಂಗೆ ಮಾತಾಡ್ತಿದ್ದೆ, ಹಂಗೇ ಮಾತಾಡು ಅವನ ಹತ್ರ” ಅಂದಳು. ಪಾಪಕ್ಕ ಶುರು ಮಾಡಿದಳು. ನಲವತ್ತಾರು ವರ್ಷ ನಿಲ್ಲಿಸಲಿಲ್ಲ. ಲೈನಿನ ಹೆಂಗಸರು ಮಕ್ಕಳಿಗೆ ಜ್ವರ ಬಂದರೆ, ಗಂಡ ಕುಡಿದು ಬಿದ್ದರೆ, ಪಾದ್ರಿಯ ಹತ್ತಿರ ಹೋಗೋದಕ್ಕೆ ಮುಂಚೆ ಇವಳ ಬಾಗಿಲಿಗೆ ಬರುತ್ತಿದ್ದರು.

ಪೆರುಮಾಳ್ ಮಾತ್ರ ಮನೆಯ ಪ್ರಾರ್ಥನೆಯಲ್ಲಿ ಒಂದು ದಿನವೂ ಬಾಯಿ ತೆರೆದವನಲ್ಲ. ಅವನ ಸರದಿ ಬಂದಾಗ ಬೆರಳ ಗೆಣ್ಣಿನಿಂದ ಕೂತ ಮರದ ಸ್ಟೂಲನ್ನು ತಟ್ಟುತ್ತಿದ್ದ. ಟಕ್, ಟಕ್, ಟಕ್. ಮೂರೇ. ಕಣ್ಣೂ ಮುಚ್ಚುತ್ತಿರಲಿಲ್ಲ.

“ನೋಡು ಈ ಮನ್ಸನ್ನ. ಭಿಕ್ಷೆಗೆ ಬಂದೋನಂಗೆ ಕದ ತಟ್ತಾನೆ, ಒಳಗಿರೋನು ಯಾರು ಅಂತ ಕೇಳಿದ್ರೆ ಮಾತಿಲ್ಲ,” ಅನ್ನೋಳು ಪಾಪಕ್ಕ.

“ಮನಸ್ಸಲ್ಲಿ ಮಾಡ್ತೀನಿ,” ಅಂತಿದ್ದ ಅವನು.

“ಮನಸ್ಸಲ್ಲಿ ಮಾಡ್ತಾನಂತೆ. ಹಂಗಾರೆ ಮುದ್ದೇನೂ ಮನಸ್ಸಲ್ಲೇ ನುಂಗು.”

ಅವನ ಟಕ್ ಟಕ್ ಎಲ್ಲಿಂದ ಬಂತು ಅಂತ ಹೇಳಬೇಕಾದರೆ ಅವನ ಕೆಲಸ ಹೇಳಬೇಕು. ಗಣಿಯ ಶಾಫ್ಟ್ ಅಂದರೆ ನೆಲದೊಳಕ್ಕೆ ನೆಟ್ಟಗೆ ಇಳಿಯೋ ಬಾವಿ. ಅದರಲ್ಲಿ ಜನವನ್ನೂ ಕಲ್ಲನ್ನೂ ಏರಿಸಿ ಇಳಿಸೋದು ಕೇಜ್ ಅನ್ನೋ ಕಬ್ಬಿಣದ ಪಂಜರ. ಅದನ್ನು ಎಳೆಯೋ ಎಂಜಿನ್ ಮೇಲಿರುತ್ತೆ. ಎಂಜಿನ್ ಡ್ರೈವರಿಗೆ ಕೆಳಗಿನದು ಒಂದೂ ಕಾಣಲ್ಲ, ಕೆಳಗಿದ್ದವರ ಕೂಗು ಅವನಿಗೆ ಮುಟ್ಟಲ್ಲ. ಕೆಳಗೆ ನಿಂತ ಬೆಲ್‌ಮನ್ ಹಗ್ಗ ಎಳೆದು ಗಂಟೆ ಹೊಡೆಯಬೇಕು. ಒಂದು ಹೊಡೆದರೆ ನಿಲ್ಲಿಸು. ಎರಡು ಹೊಡೆದರೆ ಕೆಳಕ್ಕೆ ಬಿಡು. ಮೂರು ಹೊಡೆದರೆ, ಕೇಜಿನಲ್ಲಿರೋದು ಕಲ್ಲಲ್ಲ, ಮನುಷ್ಯರು, ಜೋಪಾನ. ಮೇಲಿನವನು ಅದೇ ಲೆಕ್ಕವನ್ನು ತಿರುಗಿ ಹೊಡೆದರೆ ಕೇಳಿಸಿತು ಅಂತ ಅರ್ಥ. ಪೆರುಮಾಳ್ ಇಪ್ಪತ್ತೈದು ವರ್ಷ ಆ ಹಗ್ಗ ಹಿಡಿದು ನಿಂತವನು. ಬೆಲ್‌ಮನ್ ಕಣ್ಣು ಮುಚ್ಚಿದರೆ ಹೆಣ ಬೀಳುತ್ತೆ, ಹಾಗಾಗಿ ಅವನಿಗೆ ಕಣ್ಣು ಮುಚ್ಚೋ ಅಭ್ಯಾಸವೇ ಹೋಗಿತ್ತು.

ಗಣಿ ಮುಚ್ಚಬಾರದು ಅಂತ ನಾವು ಕೆಲಸದವರೆಲ್ಲ ಗೇಟಿನ ಮುಂದೆ ಕೂತಿದ್ದ ತಿಂಗಳುಗಳಲ್ಲಿ ಪೆರುಮಾಳನೂ ದಿನಾ ಬಂದು ಕೂತಿದ್ದ. ಎಲ್ಲರೂ ಘೋಷಣೆ ಕೂಗಿದರೆ ಅವನು ಕೈ ಮಾತ್ರ ಎತ್ತುತ್ತಿದ್ದ. ಗಂಟಲು ಮನೇಲಿ ಬಿಟ್ಟು ಬಂದಿದೀಯೇನಯ್ಯಾ ಅಂತ ಯಾರೋ ಕೆಣಕಿದಾಗ ಒಂದೇ ಒಂದು ಸಲ ಬಾಯಿ ಬಿಟ್ಟ. ಎಂಬತ್ತಾರರಲ್ಲೋ ಏಳರಲ್ಲೋ ಒಂದು ಏರ್‌ಬ್ಲಾಸ್ಟ್ ಆಗಿತ್ತು. ಒತ್ತಡ ತಡೆಯದೆ ಬಂಡೆ ಸಿಡಿಯೋದಕ್ಕೆ ಇಲ್ಲಿ ಹಾಗಂತಾರೆ. ಅವನ ಹತ್ತಿರ ಏಳು ಜನ. ದೀಪ ಹೋಯಿತು, ಧೂಳು ತುಂಬಿತು. ಕೂಗಿದವರೆಲ್ಲ ಧೂಳು ಕುಡಿದು ಕೆಮ್ಮಿ ಬಿದ್ದರು. ಇವನು ಬಾಯಿ ಮುಚ್ಚಿಕೊಂಡು ಹಗ್ಗ ತಡಕಿ ಮೂರು ಹೊಡೆದ. ತಿರುಗಿ ಏನೂ ಬರಲಿಲ್ಲ. ಮತ್ತೆ ಹೊಡೆದ. ಮುಕ್ಕಾಲು ಗಂಟೆ ಹೊತ್ತು ಹೊಡೆದ. ಆಮೇಲೆ ಮೇಲಿಂದ ಮೂರು ಬಂತು.

“ಮೇಲಿನವ ಬಾರಿಸಿದ. ಅಷ್ಟೇ,” ಅಂದು ಬೀಡಿ ಹಚ್ಚಿದ ಪೆರುಮಾಳ್. ದೇವರಿದ್ದಾನೋ ಇಲ್ಲವೋ ಅನ್ನೋ ಜಗಳಕ್ಕೆ ನಮ್ಮಲ್ಲಿ ಆಗ ಬೇಕಾದಷ್ಟು ಜನ ಇದ್ದರು. ಅವನು ಆ ಜಗಳಕ್ಕೆ ಬರಲಿಲ್ಲ.

ಅದೇ ವರ್ಷ ಆಗಸ್ಟಿನ ಒಂದು ಶುಕ್ರವಾರ. ಐದೂ ಜನ ಪ್ರಾರ್ಥನೆಗೆ ಕೂತಿದ್ದರು. ಸೀಟು ಆಯಿತು, ಸೊಂಟ ಆಯಿತು, ಮೊಬೈಲ್ ಆಯಿತು, ಚರಂಡಿ ಆಯಿತು. ಮಂಗಮ್ಮನ ಸರದಿ ಬಂತು. ಗೋಡೆಯಾಚೆ ಟೀವಿ ಸಣ್ಣಗಾಯಿತು.

“ಈಗ ಕಾಲು ಸರಿಮಾಡು. ಡಾಕ್ಟ್ರ ಕೈ...”

ಅಷ್ಟಕ್ಕೆ ನಿಂತಿತು.

ಕಣ್ಣು ಮುಚ್ಚಿದ್ದ ಮೂವರೂ ಕಾದರು. ಪವಿತ್ರಾತ್ಮ ಇಳಿದಾಗ ಮಾತು ನಿಲ್ಲುತ್ತೆ ಅಂತ ರಾಧಾಮಣಿ ಚರ್ಚಿನಲ್ಲಿ ಕೇಳಿದ್ದಳು. ರಾಜ್‌ಕುಮಾರನಿಗೆ ಹಾಗೇ ತೂಕಡಿಕೆ. ಕಣ್ಣು ತೆರೆದಿದ್ದವನು ಪೆರುಮಾಳ್ ಒಬ್ಬನೇ. ಹೆಂಡತಿಯ ಬಾಯಿ ಒಂದು ಕಡೆಗೆ ಜಾರುತ್ತಿರೋದು ಅವನಿಗೆ ಕಂಡಿತು. ಅವನ ಕೈ ಬಾಯಿಗಿಂತ ಮುಂಚೆ ಹೋಯಿತು. ಸ್ಟೂಲಿಗೆ ಒಂದು ಹೊಡೆದ. ಟಕ್. ಮತ್ತೆ ಒಂದು. ಟಕ್. ನಿಲ್ಲಿಸಿ ಅಂತ.

“ಮಾವ, ಸ್ವಲ್ಪ ಸುಮ್ನಿರಿ. ಅತ್ತೆ ಮುಗಿಸ್ಲಿ,” ಅಂದಳು ರಾಧಾಮಣಿ, ಕಣ್ಣು ತೆರೆಯದೆ.

ಅವನು ಕೂಗಿದ್ದು ಆಮೇಲೆ. ಎಷ್ಟು ಹೊತ್ತಿನ ಮೇಲೆ ಅಂತ ಆ ಮನೆಯಲ್ಲಿ ಯಾರೂ ಲೆಕ್ಕ ಹೇಳಲ್ಲ. ನವ್ಯ ಒಂದು ನಿಮಿಷ ಅಂತಾಳೆ. ರಾಧಾಮಣಿ ಆ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಾಳೆ.

ಲಕ್ವ. ಬಲಗೈ ಬಲಗಾಲು ಹೋಯಿತು, ಅದರ ಜೊತೆ ಮಾತೂ ಹೋಯಿತು. ಹೇಳಿದ್ದೆಲ್ಲ ಅವರಿಗೆ ಅರ್ಥ ಆಗುತ್ತೆ, ತಿರುಗಿ ಹೇಳೋಕೆ ಆಗಲ್ಲ ಅಂದರು ಕೋಲಾರದ ಡಾಕ್ಟರು. ಒಂಬತ್ತು ದಿನ ಮೂಗಿನ ನಳಿಗೆಯಲ್ಲಿ ಗಂಜಿ ಹೋಯಿತು. ನುಂಗೋಕೆ ಬರುತ್ತೆ ಅಂತ ಖಾತ್ರಿ ಮಾಡಿಕೊಂಡು ನಳಿಗೆ ತೆಗೆದು ಮನೆಗೆ ಕಳಿಸಿದರು. ಹರಾಜಿನಲ್ಲಿ ಯಾವಾಗಲೋ ತಂದಿದ್ದ ಕಬ್ಬಿಣದ ಮಂಚವನ್ನು ನಡುಮನೆಗೆ ಹಾಕಿ ಮಲಗಿಸಿದರು.

ಅವತ್ತು ಸಂಜೆ ರಾಧಾಮಣಿ ರಾಗಿ ಗಂಜಿ ತಂದರೆ ಪಾಪಕ್ಕ ಬಾಯಿ ಬಿಡಲಿಲ್ಲ. ನೀರು ಕುಡಿದಳು, ಮಾತ್ರೆ ನುಂಗಿದಳು. ಗಂಜಿಗೆ ಮಾತ್ರ ಹಲ್ಲು ಕಚ್ಚಿ, ಮುಖ ತಿರುಗಿಸಿ ಗೋಡೆ ನೋಡಿದಳು. ಮಾರನೇ ದಿನವೂ ಅಷ್ಟೇ. ಮೂರನೇ ದಿನ ನರ್ಸಮ್ಮ ಬಂದು ನೋಡಿ, ಇನ್ನೆರಡು ದಿನ ಹಿಂಗೇ ಆದ್ರೆ ಮತ್ತೆ ನಳಿಗೆ, ಈ ಸಲ ದೇಹ ತಡೆಯಲ್ಲ ಅಂದುಹೋದಳು.

ಕಾರಣ ಹಿಡಿದವಳು ರಾಧಾಮಣಿಯೇ.

“ರೀ, ಅವತ್ತಿನ ಪ್ರಾರ್ಥನೆಗೆ ಆಮೆನ್ ಬಿದ್ದಿಲ್ಲ. ಅದಕ್ಕೇ ಅತ್ತೆ ತಿಂತಿಲ್ಲ.”

“ಹಂಗಂತ ಸಾಯ್ತಾರಾ?” ಅಂದ ರಾಜ್‌ಕುಮಾರ್.

“ನಿಮ್ಮಮ್ಮ ಅಲ್ವಾ. ನೀವೇ ಹೇಳಿ.”

ಅವನು ಅಮ್ಮನ ಮಂಚದ ಹತ್ತಿರ ಕೂತು, “ಅಮ್ಮಾ, ದೇವ್ರಿಗೆ ಬಾಯಲ್ಲೇ ಹೇಳ್ಬೇಕು ಅಂತೇನಿಲ್ಲ. ಮನಸ್ಸಲ್ಲಿ ಮುಗಿಸು, ಮನಸ್ಸಲ್ಲೇ ಆಮೆನ್ ಅನ್ನು,” ಅಂದ.

ಪಾಪಕ್ಕ ಅವನನ್ನೂ ನೋಡಿದಳು, ಮೂಲೆಯಲ್ಲಿ ಕೂತ ಗಂಡನನ್ನೂ ನೋಡಿದಳು. ಮನಸ್ಸಲ್ಲೇ ಮುದ್ದೆ ನುಂಗು ಅಂತ ನಲವತ್ತಾರು ವರ್ಷ ಗಂಡನನ್ನು ಆಡಿಕೊಂಡ ಬಾಯಿ ಅದು. ಈಗ ಅದೇ ಮಾತು ಅವಳ ಕೊರಳಿಗೆ ಸುತ್ತಿಕೊಂಡಿತ್ತು. ಮುಖ ಗೋಡೆಗೆ ತಿರುಗಿತು.

ಪಾಸ್ಟರ್ ಸುಧಾಕರ್ ಬಂದರು. ಒಳ್ಳೇ ಮನುಷ್ಯ, ಆದರೆ ಚಿಕ್ಕ ಪ್ರಾರ್ಥನೆ ಅವರಿಗೆ ಗೊತ್ತಿಲ್ಲ. ಎಣ್ಣೆ ಹಚ್ಚಿ ಅರ್ಧ ಗಂಟೆ ಪ್ರಾರ್ಥಿಸಿ, ಅಕ್ಕನ ಪರವಾಗಿ ನಾನೇ ಹೇಳ್ತೀನಿ ಅಂತ ಗಟ್ಟಿಯಾಗಿ ಆಮೆನ್ ಅಂದರು. ಗಂಜಿ ಬಂತು. ಹಲ್ಲು ಬಿಡಲಿಲ್ಲ. ಪರವಾಗಿ ಹೇಳಿದ ಆಮೆನ್ ಅವಳ ಹೊಟ್ಟೆಗೆ ಹಿಡಿಸಲಿಲ್ಲ.

ಆಗ ನವ್ಯ ಒಂದು ಉಪಾಯ ತೆಗೆದಳು. ಹೋದ ಕ್ರಿಸ್‌ಮಸ್‌ಗೆ ಅಜ್ಜಿಯ ಪ್ರಾರ್ಥನೆಯನ್ನು ತಮಾಷೆಗೆ ಅಂತ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಇಪ್ಪತ್ತು ನಿಮಿಷದ್ದು, ಕೊನೆಗೆ ಅಜ್ಜಿಯ ಗಂಟಲಲ್ಲೇ ಆಮೆನ್. ಬೇರೆಯವರ ಆಮೆನ್ ಬೇಡ ಅಂದರೆ ಅಜ್ಜಿಯದ್ದೇ ಇದೆಯಲ್ಲ. ಮನೆಯವರೆಲ್ಲ ಒಪ್ಪಿದರು. ಪ್ರಾರ್ಥನೆಗೆ ಕೂತು ಕೂತು ಪಳಗಿದವರ ತಲೆಗೆ ಮಾತ್ರ ಹೊಳೆಯೋ ಉಪಾಯ ಅದು. ಹೊಳೆಯಬಾರದಿತ್ತು.

ಸಂಜೆ ಏಳಕ್ಕೆ ಮೊಬೈಲನ್ನು ದಿಂಬಿನ ಪಕ್ಕ ಇಟ್ಟರು. “ಯೇಸಪ್ಪಾ, ಕೇಳಿಸ್ಕೋ,” ಅಂತು ಮೊಬೈಲ್. ಮಲಗಿದ್ದ ಪಾಪಕ್ಕ ಬೆಚ್ಚಿದಳು. ಮೊಬೈಲ್ ಸೀಟು ಕೇಳಿತು, ಸೊಂಟ ಕೇಳಿತು, ಎಂಟು ತಿಂಗಳ ಹಿಂದೆ ಸತ್ತುಹೋದ ಯಾರದೋ ಮೇಕೆಯ ಆರೋಗ್ಯ ಕೇಳಿತು. ಗೋಡೆಯಾಚೆ ಟೀವಿ ಆಫ್ ಆಯಿತು. ಕೊನೆಗೆ ಆಮೆನ್ ಬಿತ್ತು. ರಾಧಾಮಣಿ ಲೋಟ ಹಿಡಿದು ತಯಾರಾಗಿ ನಿಂತಿದ್ದಳು.

“ಅತ್ತೆ, ಆಮೆನ್ ಆಯ್ತು. ಕುಡೀರಿ.”

ಎಡಗೈ ಬೀಸಿತು. ಸ್ಟೀಲ್ ಲೋಟ ಹೋಗಿ ಗೋಡೆಗೆ ಬಡಿಯಿತು, ಗಂಜಿ ಮೊಬೈಲ್ ಮೇಲೆ ಬಿತ್ತು. ಪಾಪಕ್ಕನ ಗಂಟಲಿಂದ ಒಂದು ಸದ್ದು ಬಂತು. ಮಾತಲ್ಲ, ಆದರೆ ಬೈಗುಳ ಅಂತ ಎಲ್ಲರಿಗೂ ಗೊತ್ತಾಯಿತು. ಹಳಸಿದ್ದನ್ನು ದೇವರ ಮುಂದೆ ಇಟ್ಟಿದ್ದರು.

ಅವತ್ತು ಆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಮಾರನೇ ದಿನ ಮಧ್ಯಾಹ್ನ. ರಾಜ್‌ಕುಮಾರ್ ಕೆಲಸಕ್ಕೆ ಹೋಗಿದ್ದ, ನವ್ಯ ಕಾಲೇಜಿಗೆ. ರಾಧಾಮಣಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಪಾಪಕ್ಕನಿಗೆ ಹೊರಕ್ಕೆ ಹೋಗೋ ಅವಸರ ಬಂದಿರಬೇಕು. ಎಡಗೈಯಲ್ಲಿ ಲೋಟ ತಗೊಂಡು ಮಂಚದ ಕಂಬಿಗೆ ಬಡಿದಳು. ಟಣ್ ಟಣ್ ಟಣ್ ಟಣ್. ರಾಧಾಮಣಿ ಸೋಪಿನ ಕೈಯಲ್ಲೇ ಓಡಿಬಂದು ಬೆಡ್‌ಪ್ಯಾನ್ ಇಟ್ಟಳು, ತೆಗೆದಳು, ಹೋದಳು.

ಪೆರುಮಾಳ್ ಮೂಲೆಯಲ್ಲಿ ಕೂತು ಇದನ್ನು ನೋಡಿದ. ಎದ್ದು ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡ.

“ಏಯ್, ಪಾಪಾ. ಇಲ್ನೋಡು.”

ಅವಳು ಗೋಡೆ ನೋಡುತ್ತಿದ್ದಳು.

“ಬಡಿದೆ, ಅವಳು ಬಂದ್ಲು. ನೀನು ಬಾಯಿ ಬಿಟ್ಟೆಯಾ? ಇಲ್ಲ.” ಅವನಿಗೆ ಇಷ್ಟು ಮಾತೇ ಜಾಸ್ತಿ. ಸ್ವಲ್ಪ ಸುಧಾರಿಸಿಕೊಂಡ. “ನಾನು ಮೂರು ತಟ್ತೀನಲ್ಲ, ಭಿಕ್ಷೆ ಅಂತೀಯಲ್ಲ, ಅದು ಭಿಕ್ಷೆ ಅಲ್ಲ. ಒಂದು ಅಂದ್ರೆ ನಿಲ್ಲು. ಎರಡು ಅಂದ್ರೆ ಕೆಳಕ್ಕೆ ಬಿಡು. ಮೂರು ಅಂದ್ರೆ ಒಳಗಡೆ ಮನುಷ್ಯರು ಇದಾರೆ, ಜೋಪಾನ. ಅದಕ್ಕಿಂತ ಜಾಸ್ತಿ ದೇವರ ಹತ್ರ ಕೇಳೋದು ಏನೈತೆ?”

ಪಾಪಕ್ಕ ತಿರುಗಿದಳು. ನಲವತ್ತಾರು ವರ್ಷದಲ್ಲಿ ಅವನು ಇದನ್ನು ಅವಳಿಗೆ ಹೇಳಿರಲಿಲ್ಲ. ಅವಳು ಕೇಳಿರಲೂ ಇಲ್ಲ; ಮಾತಾಡೋದರಲ್ಲೇ ಪುರಸೊತ್ತಿರಲಿಲ್ಲ.

“ನಾನು ಹೆಸರು ಹೇಳ್ತೀನಿ. ನೀನು ಬಾರ್ಸು. ರಾಜ.”

ಲೋಟ ಅಲ್ಲಾಡಲಿಲ್ಲ.

“ರಾಧಾಮಣಿ.”

ಇಲ್ಲ.

“ನವ್ಯ. ಆ ಚರಂಡಿಯೋನು.”

ಇಲ್ಲ. ಅವಳ ಕಣ್ಣು ಮತ್ತೆ ಗೋಡೆಗೆ ಹೋಯಿತು. ಪೆರುಮಾಳನೂ ಗೋಡೆ ನೋಡಿದ. ಮನೆಯವರೆಲ್ಲ ಇಷ್ಟು ದಿನ, ದೇವರ ಮೇಲೆ ಮುನಿಸಿಕೊಂಡು ಗೋಡೆ ಕಡೆ ತಿರುಗಿದ್ದಾಳೆ ಅಂದುಕೊಂಡಿದ್ದರು. ಆ ಗೋಡೆಯಾಚೆ ಯಾರಿದ್ದಾರೆ ಅಂತ ಯೋಚನೆ ಮಾಡಿದವರಿಲ್ಲ. ಮಾತು ನಿಂತದ್ದು ಯಾರ ಹೆಸರಿನಲ್ಲಿ ಅನ್ನೋದು ಕಣ್ಣು ತೆರೆದಿದ್ದ ಪೆರುಮಾಳನಿಗೂ ಈಗಲೇ ನೆನಪಾದದ್ದು.

“ಮಂಗಮ್ಮ,” ಅಂದ.

ಗೋಡೆಯಾಚೆ ಟೀವಿ ಸಣ್ಣಗಾಯಿತು.

ಪಾಪಕ್ಕ ಲೋಟ ಎತ್ತಿದಳು. ಎಡಗೈಗೆ ಅಭ್ಯಾಸ ಇಲ್ಲ. ಮೊದಲನೆಯದು ಕಂಬಿ ತಪ್ಪಿ ಹಾಸಿಗೆಗೆ ಬಿತ್ತು. ಮತ್ತೆ ಎತ್ತಿದಳು. ಟಣ್. ಸ್ವಲ್ಪ ಬಿಟ್ಟು ಟಣ್. ಇನ್ನೂ ಸ್ವಲ್ಪ ಬಿಟ್ಟು ಟಣ್.

ಹೊಡೆದು ಗಂಡನ ಮುಖ ನೋಡಿದಳು, ಇನ್ನೇನು ಬಾಕಿ ಅನ್ನೋ ಹಾಗೆ. ಅವನು ಬಾಯಿ ಒರೆಸಿಕೊಂಡ.

“ಡಾಕ್ಟ್ರ ಕೈ ನಡುಗದೆ ಇರ್ಲಿ. ಅವಳು ಎದ್ದು ಬಂದು ನಿನ್ನ ಜೊತೆ ಜಗಳ ಆಡೋವಷ್ಟು ಗಟ್ಟಿ ಆಗ್ಲಿ. ಆಮೆನ್.”

ಪ್ರಾರ್ಥನೆಯಲ್ಲಿ ಪೆರುಮಾಳನ ದನಿ ಹೇಗಿರುತ್ತೆ ಅನ್ನೋದು ಆ ಲೈನಿಗೆ ಅವತ್ತು ಗೊತ್ತಾಯಿತು. ಕೇಳಿಸಿಕೊಂಡವರು ಇಬ್ಬರು: ಬಾಗಿಲಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದ ರಾಧಾಮಣಿ, ಗೋಡೆಯಾಚೆ ಮಲಗಿದ್ದ ಮಂಗಮ್ಮ. ರಾಧಾಮಣಿ ಬಟ್ಟೆಯನ್ನು ಅಲ್ಲೇ ಬಿಟ್ಟು ಗಂಜಿ ಬಿಸಿ ಮಾಡಲು ಹೋದಳು. ಪಾಪಕ್ಕ ಲೋಟ ಪೂರ್ತಿ ಕುಡಿದಳು. ಉಪ್ಪು ಕಡಿಮೆ ಅನ್ನೋ ಮುಖ ಮಾಡಿದಳು.

ಬಿ.ಪಿ., ಶುಗರ್ ಇಳಿದು, ಎರಡು ದಿನದ ಮೇಲೆ ಮಂಗಮ್ಮನಿಗೆ ಕೋಲಾರದಲ್ಲಿ ಆಪರೇಷನ್ ಆಯಿತು. ಅವತ್ತು ಬೆಳಿಗ್ಗೆಯಿಂದ ಪಾಪಕ್ಕನ ಮನೆಯಲ್ಲಿ ಟಣ್ ಟಣ್ ಟಣ್ ನಿಲ್ಲಲಿಲ್ಲ. ರಾಧಾಮಣಿಗೆ ತಲೆನೋವು ಬಂತು. ಮಂಗಮ್ಮನ ಮೂಳೆಗೆ ಕಂಬಿ ಹಾಕಿ ಕಳಿಸಿದರು. ಅದು ದೇವರ ಕೆಲಸವೋ ಡಾಕ್ಟರ ಕೆಲಸವೋ, ಮಂಗಮ್ಮನ ಗಂಗಮ್ಮನ ಪಾಲೂ ಅದರಲ್ಲಿ ಇತ್ತೋ, ತೀರ್ಪು ಕೊಡೋಕೆ ನಮಗೇನು ದರ್ದು.

ಆಮೇಲಿನ ಪ್ರಾರ್ಥನೆಗಳು ಚಿಕ್ಕವಾದವು. ಪೆರುಮಾಳ್ ಹೆಸರು ಹೇಳೋದು, ಪಾಪಕ್ಕ ಹೊಡೆಯೋದು. ಅವಳಿಗೆ ಬೇಕಾದ ಹೆಸರು ಬರದಿದ್ದರೆ ಲೋಟ ಎತ್ತಿ ಹಿಡಿದು ಕಾಯುತ್ತಾಳೆ. ಅವನು ಲೈನಿನ ಈ ತುದಿಯಿಂದ ಆ ತುದಿಯವರೆಗೆ ಮನೆ ಮನೆ ಹೆಸರು ಹೇಳಬೇಕು. ಅವನಿಗೆ ಗೊತ್ತಿಲ್ಲದ ಹೆಸರುಗಳೇ ಹೆಚ್ಚು. ಇಷ್ಟು ಜನ ಇದ್ದಾರಾ ಇಲ್ಲಿ ಅಂತ ಒಂದು ದಿನ ನವ್ಯಳನ್ನು ಕೇಳಿದನಂತೆ. ಹೆಂಡತಿ ಇಷ್ಟು ವರ್ಷ ಯಾರ ಯಾರ ವಿಚಾರ ಹೊತ್ತುಕೊಂಡು ಹೋಗುತ್ತಿದ್ದಳು ಅನ್ನೋದನ್ನು ಅವನು ಈಗ ಕಲಿಯುತ್ತಿದ್ದ. ಅವಳು ಕಣ್ಣು ಮುಚ್ಚೋದನ್ನು ಬಿಟ್ಟಳು. ಹೆಸರು ಬಂದಾಗ ಗಂಡನ ಬಾಯಿ ನೋಡಬೇಕಲ್ಲ.

ನವೆಂಬರಿನಲ್ಲಿ ಪಾಸ್ಟರ್ ಸುಧಾಕರ್ ಆ ಮನೆಯಲ್ಲಿ ಕೃತಜ್ಞತೆಯ ಕೂಟ ಇಟ್ಟರು. ಹತ್ತು ಹದಿನೈದು ಜನ, ನೆಲದ ಮೇಲೆ ಚಾಪೆ. ಎಲ್ಲರೂ ಕಣ್ಣು ಮುಚ್ಚಿದರು. ಪಾಸ್ಟರ್ ಶುರು ಮಾಡಿದರು. ಸೃಷ್ಟಿಯಿಂದ ಶುರು ಮಾಡಿ ಮೋಶೆಯ ಹತ್ತಿರ ಬರೋ ಹೊತ್ತಿಗೆ ಹದಿನೈದು ನಿಮಿಷ ಆಗಿತ್ತು.

ಟಣ್.

ಪಾಸ್ಟರ್ ತಡವರಿಸಿ ಮುಂದುವರಿದರು.

ಟಣ್.

“ನಿಲ್ಸಿ ಅಯ್ಯ,” ಅಂದಳು ರಾಧಾಮಣಿ. ಈ ಸಲ ಅವಳೇ ಮೊದಲು ಕಣ್ಣು ತೆರೆದಳು.

ಎಲ್ಲರೂ ತೆರೆದರು. ಪಾಪಕ್ಕ ಲೋಟವನ್ನು ಬಾಗಿಲ ಕಡೆ ತೋರಿಸುತ್ತಿದ್ದಳು. ಹೊಸ್ತಿಲ ಆಚೆ ಮಂಗಮ್ಮ ವಾಕರ್ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿಂದ ನಿಂತಿದ್ದಳೋ, ಕಾಲು ನಡುಗುತ್ತಿತ್ತು. ಎಂಟು ವರ್ಷ ದಾಟದ ಹೊಸ್ತಿಲು ಅದು. ಕರೆಯೋರಿಲ್ಲದೆ ದಾಟೋ ಹೆಂಗಸಲ್ಲ ಅವಳು. ಕರೆಯೋರೆಲ್ಲ ಕಣ್ಣು ಮುಚ್ಚಿಕೊಂಡಿದ್ದರು.

ಪೆರುಮಾಳ್ ಸ್ಟೂಲ್ ಎತ್ತಿಕೊಂಡು ಹೋಗಿ, ಮಂಚದ ಪಕ್ಕಕ್ಕೆ ಹಾಕಿದ. ರಾಜ್‌ಕುಮಾರ್ ಮಂಗಮ್ಮನ ರಟ್ಟೆ ಹಿಡಿದು ಒಳಕ್ಕೆ ಕರೆತಂದ. ಅವಳು ಸ್ಟೂಲಿನ ಮುಂದೆ ಬಂದು ನಿಂತಳೇ ಹೊರತು ಕೂರಲಿಲ್ಲ. ಪಾಪಕ್ಕನನ್ನು ಮೇಲಿಂದ ಕೆಳಗೆ ನೋಡಿದಳು.

“ನಾಲಿಗೆ ನಂದು ಮುರೀಬೇಕು ಅಂತಿದ್ದೆ. ನೋಡ್ದಾ?” ಅಂದಳು. “ಬಚ್ಚಲ ನೀರು ಇನ್ನೂ ನಮ್ಮ ಕಡೇನೇ ಹರೀತೈತೆ. ಕಾಲು ಗಟ್ಟಿಯಾದ್ಮೇಲೆ ಕೇಳಾಣ ಅಂತ ಬಂದೆ. ಯಾರ ಹತ್ರ ಕೇಳ್ಲಿ ಈಗ?”

ಪಾಪಕ್ಕನ ಬಾಯಿ ಅರ್ಧ ಮಾತ್ರ ಅಲ್ಲಾಡಿತು. ಲೋಟ ಎತ್ತಿದಳು. ಟಣ್, ಟಣ್.

“ಏನಂತಾಳೆ?”

“ಕೆಳಕ್ಕೆ,” ಅಂದ ಪೆರುಮಾಳ್. “ಕೂತ್ಕೋ ಅಂತಾಳೆ.”

ಮಂಗಮ್ಮ ಕೂತಳು. ಕೂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಪಾಸ್ಟರ್ ಕಡೆ ತಿರುಗಿ, “ನೀವು ಮಾಡ್ಕಳಿ ಸ್ವಾಮಿ. ನನ್ನಿಂದ ನಿಲ್ಲಿಸ್ಬ್ಯಾಡಿ,” ಅಂದಳು.

ಪಾಸ್ಟರ್ ಮೋಶೆಯನ್ನು ಎಲ್ಲಿ ಬಿಟ್ಟಿದ್ದರೋ ಅವರಿಗೇ ಮರೆತಿತ್ತು. ಪಾಪಕ್ಕನ ಮುಖ ನೋಡಿದರು. ಅವಳು ಲೋಟವನ್ನು ಮಂಗಮ್ಮನ ಕೈಗೆ ಕೊಟ್ಟಳು. ಮಂಗಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎಷ್ಟು ಹೊಡೆಯಬೇಕು ಅಂತ ಅವಳಿಗೆ ಗೊತ್ತಿತ್ತು. ಮೂರು ತಿಂಗಳಿಂದ ಗೋಡೆಯಾಚೆ ಕೇಳಿದವಳು. ಮಂಚದ ಕಂಬಿಗೆ ಮೂರು ಹೊಡೆದಳು.

“ಆಮೆನ್,” ಅಂದುಬಿಟ್ಟರು ಪಾಸ್ಟರ್. ಅವರು ಮಾಡಿದ ಅತಿ ಚಿಕ್ಕ ಕೂಟ ಅದು ಅಂತ ಲೈನಿನಲ್ಲಿ ಈಗಲೂ ಹೇಳುತ್ತಾರೆ. ರಾಧಾಮಣಿ ತಟ್ಟೆ ಹಾಕಿದಳು.